ವಿಲೆ ಪಾರ್ಲೆ ಟ್ಯಾಕ್ಸಿ ಸ್ಫೋಟ: 26/11ರ ಬಳಿಕ ಭಾರತ ಯುದ್ಧ ಬಿಟ್ಟು ಕಡತ ಹಿಡಿದದ್ದೇಕೆ?

ಮುಂಬೈ: 2008ರ ನವೆಂಬರ್ 26ರ ರಾತ್ರಿ ದೇಶದ ಕಣ್ಣೆಲ್ಲ ಸಿಎಸ್‌ಟಿ ಮತ್ತು ತಾಜ್ ಹೋಟೆಲ್ ಮೇಲಿತ್ತು. ಅದೇ ಹೊತ್ತಿಗೆ ದೂರದ ಉಪನಗರ ವಿಲೆ ಪಾರ್ಲೆಯ ಹೆದ್ದಾರಿಯಲ್ಲಿ ಟ್ಯಾಕ್ಸಿಯೊಂದು ಸ್ಫೋಟಗೊಂಡು ಚಾಲಕ ಮತ್ತು ಪ್ರಯಾಣಿಕ ಸತ್ತರು. ಅಜ್ಮಲ್ ಕಸಬ್ ತನ್ನ ಜೊತೆಗಾರನೊಂದಿಗೆ ಸಿಎಸ್‌ಟಿಗೆ ಬಂದಿಳಿದದ್ದು ಅದೇ ಟ್ಯಾಕ್ಸಿಯಲ್ಲಿ. ಇಳಿಯುವ ಮೊದಲು ಅದರಲ್ಲಿ ಬಾಂಬ್ ಇಟ್ಟಿದ್ದರು.

ಸಮುದ್ರ ದಾಟಿ ಬಂದ 10 ಉಗ್ರರು, 166 ಸಾವು. ಪಾಕಿಸ್ತಾನದ ಮೇಲೆ ದಾಳಿ ಮಾಡಿ ಎಂಬ ಕೂಗು ಎದ್ದಿತು. ಆದರೆ ಬಂದವರು ಸಮವಸ್ತ್ರದಲ್ಲಿ ಇರಲಿಲ್ಲ, ಅವರು ತಮ್ಮವರೆಂದು ಪಾಕಿಸ್ತಾನ ಒಪ್ಪಲೂ ಇಲ್ಲ. ವಿಚಿತ್ರವೆಂದರೆ, ಆ ದಿನ ಪಾಕ್ ವಿದೇಶಾಂಗ ಸಚಿವ ಶಾ ಮೆಹಮೂದ್ ಖುರೇಷಿ ಮಾತುಕತೆಗೆಂದು ದೆಹಲಿಯಲ್ಲೇ ಇದ್ದರು.

ಡಿಸೆಂಬರ್ 1ರಂದು ಪಾಕ್ ಹೈಕಮಿಷನರ್‌ರನ್ನು ಕರೆಸಿ ಪ್ರತಿಭಟನಾ ಪತ್ರ ಕೊಡಲಾಯಿತು. ದ್ವಿಪಕ್ಷೀಯ ಮಾತುಕತೆ ನಿಂತಿತು, ಕ್ರಿಕೆಟ್ ಪ್ರವಾಸವೂ ರದ್ದಾಯಿತು. ಡಿಸೆಂಬರ್ 10ರಂದು ವಿಶ್ವಸಂಸ್ಥೆ ಭದ್ರತಾ ಮಂಡಳಿಯ ಸಮಿತಿ ಹಫೀಜ್ ಸಯೀದ್ ಮತ್ತು ಝಕೀವುರ್ ರೆಹಮಾನ್ ಲಖ್ವಿಯನ್ನು ನಿರ್ಬಂಧ ಪಟ್ಟಿಗೆ ಸೇರಿಸಿತು. ಜಮಾತ್-ಉದ್-ದವಾ ವಿಚಾರದಲ್ಲಿ ಅಲ್ಲಿಯವರೆಗೆ ಅಡ್ಡಗಾಲು ಹಾಕುತ್ತಿದ್ದ ಚೀನಾ ಈ ಬಾರಿ ಸುಮ್ಮನಾಯಿತು. ಅದು ಸಣ್ಣ ಗೆಲುವೇನಲ್ಲ.

ಮುಖ್ಯ ಅಸ್ತ್ರ ಮಾತ್ರ ಒಂದು ಕಡತ. 2009ರ ಜನವರಿ 5ರಂದು ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ನೇತೃತ್ವದಲ್ಲಿ ಭಾರತ ಅದನ್ನು ಪಾಕಿಸ್ತಾನಕ್ಕೆ ಕೊಟ್ಟಿತು, ಇತರ ದೇಶಗಳ ಮುಂದೆಯೂ ಇಟ್ಟಿತು. ಕಸಬ್ ಹೇಳಿಕೆ, ಉಗ್ರರು ಆಚೆಯಿದ್ದ ಸೂತ್ರಧಾರರ ಜೊತೆ ನಡೆಸಿದ ಫೋನ್ ಸಂಭಾಷಣೆ, ಜಿಪಿಎಸ್ ಮಾಹಿತಿ ಅದರಲ್ಲಿದ್ದವು. ದೋಣಿಯಲ್ಲಿ ಸಿಕ್ಕ ಪಾಕಿಸ್ತಾನದ ಉಪ್ಪಿನಕಾಯಿ, ಶೇವಿಂಗ್ ಕ್ರೀಮ್‌ನಂಥ ವಸ್ತುಗಳ ಚಿತ್ರಗಳೂ ಇದ್ದವು. ಕಸಬ್ ಪಾಕಿಸ್ತಾನಿ ಎಂದು ಬಹಿರಂಗವಾಗಿ ಒಪ್ಪಿದ ಅಲ್ಲಿನ ರಾಷ್ಟ್ರೀಯ ಭದ್ರತಾ ಸಲಹೆಗಾರ ಮಹಮೂದ್ ಅಲಿ ದುರ್ರಾನಿ ಅದೇ ವಾರ ಹುದ್ದೆ ಕಳೆದುಕೊಂಡರು. ಆದರೂ ಫೆಬ್ರವರಿ 12ರಂದು ಪಾಕ್ ಒಳಾಡಳಿತ ಮುಖ್ಯಸ್ಥ ರೆಹಮಾನ್ ಮಲಿಕ್, ಸಂಚಿನ ಒಂದು ಭಾಗ ತಮ್ಮ ನೆಲದಲ್ಲೇ ನಡೆದಿದೆ ಎಂದು ಹೇಳಲೇಬೇಕಾಯಿತು.

ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಶಿವಶಂಕರ್ ಮೆನನ್ ತಕ್ಷಣದ ಸೇನಾ ಪ್ರತೀಕಾರದ ಪರ ಇದ್ದವರು. ದಾಳಿ ಮಾಡದೆ ಇದ್ದದ್ದೇ ಆ ಹೊತ್ತಿಗೆ ಸರಿಯಾಗಿತ್ತು ಎಂದು 2016ರ ತಮ್ಮ ಪುಸ್ತಕದಲ್ಲಿ ಬರೆದರು. ಪ್ರತಿದಾಳಿ ಮಾಡಿದ್ದರೆ ಜಗತ್ತಿಗೆ ಅದು ಮತ್ತೊಂದು ಭಾರತ-ಪಾಕ್ ಜಗಳವಾಗಿ ಕಾಣುತ್ತಿತ್ತು ಎಂಬುದು ಅವರ ವಾದ. ಇದನ್ನು ಒಪ್ಪದವರು ಇಂದಿಗೂ ಬಹಳ ಮಂದಿ.

2010ರ ಜುಲೈನಲ್ಲಿ ವಿದೇಶಾಂಗ ಸಚಿವರಾಗಿ ಕನ್ನಡಿಗ ಎಸ್.ಎಂ. ಕೃಷ್ಣ ಇಸ್ಲಾಮಾಬಾದ್‌ಗೆ ಹೋದರು. ಜಂಟಿ ಸುದ್ದಿಗೋಷ್ಠಿಯಲ್ಲಿ ಖುರೇಷಿ ಭಾರತದ ಗೃಹ ಕಾರ್ಯದರ್ಶಿ ಜಿ.ಕೆ. ಪಿಳ್ಳೈ ಅವರ ಮಾತನ್ನು ಹಫೀಜ್ ಸಯೀದ್ ಭಾಷಣದ ಜೊತೆ ತಕ್ಕಡಿಗೆ ಹಾಕಿದರು. ಕೃಷ್ಣ ಅಲ್ಲೇ ಖಂಡಿಸಲಿಲ್ಲ ಎಂದು ಇಲ್ಲಿ ಟೀಕೆಗೆ ಗುರಿಯಾದರು.

ಕಸಬ್‌ಗೆ 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಗಲ್ಲಾಯಿತು. ಸಂಚಿನ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕ 2025ರ ಏಪ್ರಿಲ್‌ನಲ್ಲಿ ಭಾರತಕ್ಕೆ ಒಪ್ಪಿಸಿತು. ಪಾಕಿಸ್ತಾನದಲ್ಲಿ ಲಖ್ವಿ ಜಾಮೀನು ಪಡೆದು 2015ರಲ್ಲಿ ಹೊರಬಂದ. ಎಫ್‌ಎಟಿಎಫ್ ಒತ್ತಡ ಬಿಗಿಯಾದ ಬಳಿಕ ಅವನಿಗೂ ಸಯೀದ್‌ಗೂ ಜೈಲು ಶಿಕ್ಷೆಯಾಯಿತು, ಆದರೆ ಉಗ್ರರಿಗೆ ಹಣ ಒದಗಿಸಿದ ಪ್ರಕರಣಗಳಲ್ಲಿ. ಮುಂಬೈ ದಾಳಿಗಾಗಿ ಅಲ್ಲ.