ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಕೈಚೆಲ್ಲುವ ಮೊದಲು

"ಡಾಕ್ಟರ್ ಸಾಬ್, ಅಲ್ಲಿ ಇನ್ನೇನೂ ಆಗುವುದಿಲ್ಲ ಅಂದುಬಿಟ್ಟರು. ನಿಮ್ಮ ಯುನಾನಿಯಲ್ಲಿ ಏನಾದರೂ ಇದ್ದರೆ ಕೊಡಿ." ತಂದೆಯ ವರದಿಗಳ ಫೈಲು ಹಿಡಿದು ಬಂದಿದ್ದ ಯುವಕನ ಮಾತಿದು. ಫೈಲು ಬಿಡಿಸಿ ನೋಡಿದೆ. ಕ್ಯಾನ್ಸರ್ ಮೇದೋಜೀರಕ ಗ್ರಂಥಿಯಿಂದ ಯಕೃತ್ತಿಗೆ ಹರಡಿತ್ತು. ಆದರೆ ಆಸ್ಪತ್ರೆಯವರು ಬರೆದದ್ದು "ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ" ಎಂದು ಮಾತ್ರ. ಅದರ ಕೆಳಗೆ ಕೀಮೋಥೆರಪಿಯ ಸಲಹೆ ಇತ್ತು, ಮಾತ್ರೆಗಳ ಪಟ್ಟಿ ಇತ್ತು. ಆಪರೇಷನ್ ಆಗದು ಎಂಬ ಮಾತು ಮನೆಯವರ ಕಿವಿಗೆ ಏನೂ ಆಗದು ಎಂದೇ ಕೇಳಿಸಿತ್ತು. ಇಂಥ ಕುಟುಂಬಗಳನ್ನು ನಾನು ಮತ್ತೆ ಮತ್ತೆ ನೋಡುತ್ತಿರುವುದರಿಂದ ಈ ತಿಂಗಳು ಇದೇ ವಿಷಯ.

ಮೇದೋಜೀರಕ ಗ್ರಂಥಿಯನ್ನು ನಮ್ಮ ಯುನಾನಿ ಗ್ರಂಥಗಳಲ್ಲಿ ಲಬ್‌ಲಬಾ ಎನ್ನುತ್ತಾರೆ. ಅದು ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಹತ್ತಿರವಾಗಿ ಅಡಗಿದೆ. ಊಟ ಕರಗಿಸುವ ಕಿಣ್ವಗಳನ್ನೂ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನನ್ನೂ ತಯಾರಿಸುವುದು ಇದೇ. ಒಳಗೆ ಅಡಗಿರುವುದರಿಂದ ಗಡ್ಡೆ ಕೈಗೆ ಸಿಗುವುದಿಲ್ಲ. ಪತ್ತೆಯಾಗುವ ಹೊತ್ತಿಗೆ ಐವರಲ್ಲಿ ಒಬ್ಬರಿಗೂ ಶಸ್ತ್ರಚಿಕಿತ್ಸೆಯ ಅವಕಾಶ ಉಳಿದಿರುವುದಿಲ್ಲ. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹರಿಯುವ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಐವತ್ತು ದಾಟಿದವರಲ್ಲಿ ಹಠಾತ್ತನೆ ಕಾಣಿಸುವ ಸಕ್ಕರೆ ಕಾಯಿಲೆ, ನೋವಿಲ್ಲದ ಕಾಮಾಲೆ ಇವೆಲ್ಲ ಎಚ್ಚರಿಕೆಯ ಲಕ್ಷಣಗಳು.

ಕಾಮಾಲೆಯ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಯರ್ಖಾನ್ ಎಂದು ಬಂದ ಹಿರಿಯರೊಬ್ಬರಿಗೆ ಮೂರು ವಾರ ಅರ್ಕೆ ಕಾಸ್ನಿ ಕೊಟ್ಟೆ. ಮೈ ತುರಿಕೆ, ಕಡು ಬಣ್ಣದ ಮೂತ್ರ, ಸುಣ್ಣದಂತೆ ಬಿಳಿಚಿದ ಮಲ, ಎಲ್ಲವೂ ಕಣ್ಣೆದುರಿಗಿತ್ತು. ಪಿತ್ತನಾಳ ಮುಚ್ಚಿದೆ ಎಂದು ಅವು ಕೂಗಿ ಹೇಳುತ್ತಿದ್ದವು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಗಡ್ಡೆ ಕಂಡಿತು. ಆ ಮೂರು ವಾರ ಅವರದ್ದು, ಕಳೆದವನು ನಾನು. ಈಗ ಅಂಥ ಕಾಮಾಲೆ ಕಂಡರೆ ಅದೇ ದಿನ ಸ್ಕ್ಯಾನಿಗೆ ಬರೆದುಕೊಡುತ್ತೇನೆ.

ಹಾಗಾದರೆ ಹರಡಿದ ಮೇಲೆ ಏನಿದೆ? ಮೊದಲನೆಯದು ಕೀಮೋಥೆರಪಿ. 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ನಾಲ್ಕು ಔಷಧಗಳನ್ನು ಜೊತೆಯಾಗಿ ಕೊಡುವ ಫಾಲ್‌ಫಿರಿನಾಕ್ಸ್ ಪಡೆದವರಲ್ಲಿ ಅರ್ಧದಷ್ಟು ಮಂದಿ 11.1 ತಿಂಗಳಿಗಿಂತ ಹೆಚ್ಚು ಬದುಕಿದರು. ಜೆಮ್‌ಸಿಟಬಿನ್ ಒಂದನ್ನೇ ಪಡೆದವರಲ್ಲಿ ಈ ಲೆಕ್ಕ 6.8 ತಿಂಗಳು. ಇದು ದೊಡ್ಡ ಸಂಖ್ಯೆಯಲ್ಲ, ಗುಣವಾಗುತ್ತದೆ ಎಂದೂ ಅರ್ಥವಲ್ಲ. ಆದರೆ ಇಂಥ ಲೆಕ್ಕವನ್ನು ಸಾವಿನ ದಿನಾಂಕವೆಂದು ಓದಬೇಡಿ. ಅರ್ಧದಷ್ಟು ಜನ ಅದನ್ನು ದಾಟಿದ್ದಾರೆ. ಈ ಚಿಕಿತ್ಸೆ ಕಠಿಣ, ಹಾಸಿಗೆ ಹಿಡಿದವರು ತಾಳಲಾರರು. ಅಂಥವರಿಗೆ ಹಗುರವಾದ ಕೀಮೋ ಇದೆ. ಕೆಲವರಲ್ಲಿ ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ಇರುತ್ತದೆ. ಅವರಿಗೆ ಒಲಾಪರಿಬ್ ಮಾತ್ರೆಯಿಂದ ರೋಗ ಬೆಳೆಯುವುದನ್ನು ಕೆಲಕಾಲ ತಡೆಯಬಹುದು. ವಂಶವಾಹಿ ಪರೀಕ್ಷೆ ಬೇಕೇ ಎಂದು ಕ್ಯಾನ್ಸರ್ ತಜ್ಞರನ್ನು ನೀವೇ ಕೇಳಿ. ಕೇಳುವುದು ಅಧಿಕಪ್ರಸಂಗವಲ್ಲ.

ಪಿತ್ತನಾಳ ಮುಚ್ಚಿದ್ದರೆ ಎಂಡೋಸ್ಕೋಪಿ ಮೂಲಕ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುತ್ತಾರೆ. ಕಾಮಾಲೆ, ತುರಿಕೆ ಇಳಿಯುತ್ತವೆ, ಹಸಿವು ಮರಳುತ್ತದೆ. ಸ್ಟೆಂಟ್ ಇರುವವರಿಗೆ ಚಳಿಜ್ವರ ಬಂದರೆ ಅದು ಕಟ್ಟಿಕೊಂಡಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಕೀಮೋ ನಡೆಯುವಾಗ ಜ್ವರ ಬಂದರೂ ಹಾಗೆಯೇ, ಬೆಳಗಾಗಲಿ ಎಂದು ಕಾಯಬೇಡಿ. ಒಂದೇ ಕಾಲು ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ. ಈ ಕ್ಯಾನ್ಸರಿನಲ್ಲಿ ಅದು ಸಾಮಾನ್ಯ.

ಇನ್ನು ನಮ್ಮ ಮನೆಗಳಲ್ಲಿ ವಿಶೇಷವಾಗಿ ತೊಡಕಾಗುವ ವಿಷಯಕ್ಕೆ ಬರುತ್ತೇನೆ. ಆ ಯುವಕನ ತಂದೆ ಎಷ್ಟು ತಿಂದರೂ ಸೊರಗುತ್ತಿದ್ದರು. ಮಲ ಎಣ್ಣೆಯಂತೆ ಜಿಡ್ಡಾಗಿ ನೀರಿನ ಮೇಲೆ ತೇಲುತ್ತಿತ್ತು. ಅಂದರೆ ಕಿಣ್ವವಿಲ್ಲದೆ ಊಟ ಕರಗದೆ ಹೊರಹೋಗುತ್ತಿತ್ತು. ಆಸ್ಪತ್ರೆಯವರು ಕಿಣ್ವದ ಕ್ಯಾಪ್ಸೂಲ್ ಬರೆದಿದ್ದರು. ಡಬ್ಬಿ ಫೈಲಿನ ಜೊತೆಗೇ ಇತ್ತು, ಸೀಲು ಒಡೆದಿರಲಿಲ್ಲ. ಕೇಳಿದೆ. ಯುವಕ ದನಿ ತಗ್ಗಿಸಿ, "ಅದು ಹಂದಿಯದ್ದಂತೆ ಸಾಬ್, ಅಬ್ಬಾ ಮುಟ್ಟುವುದಿಲ್ಲ" ಎಂದ.

ನಿಜ, ಈಗ ಬಳಕೆಯಲ್ಲಿರುವ ಈ ಕಿಣ್ವಗಳನ್ನು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದಿನ ಮೂಲವೂ ಸಾಮಾನ್ಯವಾಗಿ ಹಂದಿಯೇ. ವೈದ್ಯರು ಇದನ್ನು ಹೇಳದೆ ಬರೆದುಕೊಡುವುದೂ ತಪ್ಪು, ಮನೆಯವರು ವೈದ್ಯರಿಗೆ ತಿಳಿಸದೆ ಡಬ್ಬಿ ಬದಿಗಿಡುವುದೂ ತಪ್ಪು. ಜೀವಕ್ಕೆ ಅಪಾಯವಿದ್ದು ಬೇರೆ ದಾರಿ ಇಲ್ಲದಾಗ ನಿಷಿದ್ಧವಾದದ್ದಕ್ಕೂ ಅನುಮತಿ ಇದೆ ಎಂಬುದು ಫಿಖ್‌ಹ್‌ನಲ್ಲಿ ಎಲ್ಲರೂ ಬಲ್ಲ ನಿಯಮ. ಆದರೆ ಫತ್ವಾ ಕೊಡುವುದು ನನ್ನ ಕೆಲಸವಲ್ಲ. ನಾನು ಮಾಡಿದ್ದು ಇಷ್ಟೇ: ರೋಗ ಏನು, ಈ ಔಷಧ ಯಾಕೆ ಬೇಕು, ಇದಕ್ಕೆ ಸಮನಾದ ಬೇರೆ ಔಷಧ ಸಿಗುತ್ತಿಲ್ಲ, ಬಿಟ್ಟರೆ ಏನಾಗುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು, "ಇದನ್ನು ನಿಮ್ಮ ಮೌಲಾನಾರಿಗೆ ತೋರಿಸಿ" ಎಂದೆ. ಅವರು ಓದಿ, ತಾವೇ ಮನೆಗೆ ಹೋಗಿ, ಮೊದಲ ಕ್ಯಾಪ್ಸೂಲ್ ತಮ್ಮ ಕೈಯಾರೆ ಕೊಟ್ಟರಂತೆ. ಮುಂದಿನ ತಿಂಗಳು ತೂಕ ಇಳಿಯುವುದು ನಿಂತಿತ್ತು.

ಈ ಕ್ಯಾಪ್ಸೂಲನ್ನು ಊಟದ ಮೊದಲ ತುತ್ತಿನೊಂದಿಗೆ ತೆಗೆದುಕೊಳ್ಳಬೇಕು, ಊಟ ದೊಡ್ಡದಾದರೆ ನಡುವೆ ಇನ್ನೊಂದು. ಊಟವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಅಗಿಯಬಾರದು. ಬಿಸಿ ಚಹಾದೊಂದಿಗೆ ಬೇಡ, ಶಾಖಕ್ಕೆ ಕಿಣ್ವ ಕೆಡುತ್ತದೆ. ಕ್ಯಾನ್ಸರ್ ಎಂದು ತುಪ್ಪ, ಮೊಟ್ಟೆ, ಮಾಂಸ ಎಲ್ಲ ನಿಲ್ಲಿಸಿ ಬರೀ ಗಂಜಿ ಕೊಡಬೇಡಿ. ಜೇನು, ಖರ್ಜೂರ ಕೊಡುವ ಮೊದಲು ರಕ್ತದ ಸಕ್ಕರೆ ನೋಡಿ, ಕೆಟ್ಟಿರುವುದು ಇನ್ಸುಲಿನ್ ಮಾಡುವ ಗ್ರಂಥಿಯೇ ಅಲ್ಲವೇ?

ನೋವಿನ ಬಗ್ಗೆಯೂ ಇಂಥದೇ ಹೆದರಿಕೆ. ಮಾರ್ಫಿನ್ ಎಂದರೆ ನಶೆ, ಮಾರ್ಫಿನ್ ಎಂದರೆ ಕೊನೆಗಾಲ ಎಂದು ಜನ ತಿಳಿದಿದ್ದಾರೆ. ವೈದ್ಯರು ಅಳೆದು ಕೊಟ್ಟ ಮಾರ್ಫಿನ್ ಮಾತ್ರೆಯಿಂದ ಎದ್ದು ಕುಳಿತು ನಮಾಝ್ ಮಾಡಿದವರನ್ನು ಕಂಡಿದ್ದೇನೆ. ನೋವಿನಲ್ಲಿ ಮುದುಡಿ ಮಲಗಿದ್ದಾಗ ಅವರಿಗೆ ಅದು ಆಗುತ್ತಿರಲಿಲ್ಲ. ಮಲಬದ್ಧತೆ ಖಂಡಿತ ಬರುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಔಷಧ ಕೇಳಿ. ಹೊಟ್ಟೆಯ ಹಿಂದಿನ ನರಗಳ ಗುಂಪಿಗೆ ಚುಚ್ಚುಮದ್ದು ಕೊಟ್ಟು ನೋವು ತಗ್ಗಿಸುವ ವಿಧಾನವೂ ಇದೆ.

ಈಗ ಯುವಕನ ಮೂಲ ಪ್ರಶ್ನೆ: ಯುನಾನಿಯಲ್ಲಿ ಏನಿದೆ? ಈ ಕ್ಯಾನ್ಸರನ್ನು ಗುಣಪಡಿಸುವ ಔಷಧ ನನ್ನ ಬಳಿ ಇಲ್ಲ. ಇದೆ ಎನ್ನುವವರ ಬಳಿಯೂ ಇಲ್ಲ. ನಮ್ಮ ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ ಸರ್ತಾನ್ ರೋಗ ಎಷ್ಟು ಕಠಿಣ ಎಂದು ಮರೆಮಾಚದೆ ಬರೆದಿದ್ದಾರೆ. ಕಲೋಂಜಿಯ ಬಗ್ಗೆ ಹದೀಸ್ ಇದೆ ಎಂದು ಕೀಮೋ ಬಿಟ್ಟವರಿದ್ದಾರೆ. ಅಡುಗೆಯಲ್ಲಿ ಚಿಟಿಕೆ ಕಲೋಂಜಿ ಹಾಕಿ, ಅಡ್ಡಿಯಿಲ್ಲ. ಬಾಟಲಿಗಟ್ಟಲೆ ಎಣ್ಣೆ, ಮಾಜೂನು, ಕುಷ್ತಾಗಳನ್ನು ತಜ್ಞರಿಗೆ ಹೇಳದೆ ಕೊಡಬೇಡಿ. ಸೋತ ಯಕೃತ್ತಿಗೆ ಅದು ಇನ್ನೊಂದು ಹೊರೆ. ಕೀಮೋ ಸಮಯದಲ್ಲಿ ಹಿಜಾಮಾ ಬೇಡವೇ ಬೇಡ, ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸೋಂಕೂ ರಕ್ತಸ್ರಾವವೂ ಆದಾವು. ಹಿಜಾಮಾ ಮಾಡುವ ನಾನೇ ಹೇಳುತ್ತಿದ್ದೇನೆ.

ಖರ್ಚಿಗೆ ಹೆದರಿ ಚಿಕಿತ್ಸೆ ಬಿಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಆಸ್ಪತ್ರೆ. ಅಲ್ಲೇ ಇರುವ ಕರುಣಾಶ್ರಯದಲ್ಲಿ ಕೀಮೋ ಫಲಿಸದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ನೋವಿನ ಆರೈಕೆ ಮಾಡುತ್ತಾರೆ.

ಕೊನೆಯದಾಗಿ, ರೋಗಿಗೆ ಹೇಳಬೇಕೇ? "ಅಬ್ಬಾನಿಗೆ ಹೇಳಬೇಡಿ" ಎಂದು ಯುವಕ ಬೇಡಿಕೊಂಡಿದ್ದ. ಆದರೆ ಸಾಲ, ಅಮಾನತ್ತು, ವಸಿಯ್ಯತ್ ಎಲ್ಲ ಆ ಮನುಷ್ಯನ ಹೆಗಲ ಮೇಲಿದೆ, ಅವನ್ನು ಮುಗಿಸುವ ಅವಕಾಶವನ್ನು ಅವರಿಂದ ಕಿತ್ತುಕೊಳ್ಳಲು ನಾವು ಯಾರು? ಮೆಲ್ಲಗೆ, ಅವರು ಕೇಳಿದಷ್ಟೇ ಹೇಳಿದೆವು. ಅವರಿಗೆ ಮೊದಲೇ ಅಂದಾಜಿತ್ತು. ಮರುದಿನ ನೋಟುಬುಕ್ಕಿನಲ್ಲಿ ಕೊಡಬೇಕಾದ ಬಾಕಿಗಳನ್ನೆಲ್ಲ ಬರೆಸಿದರು. ಆಮೇಲೆ ಮಗನನ್ನು ಕರೆದು, ಮಗಳ ನಿಕಾಹ್ ಇರುವ ವಾರ ಕೀಮೋ ಬೀಳದಂತೆ ದಿನಾಂಕ ಮುಂದೂಡಬಹುದೇ ಎಂದು ಆಸ್ಪತ್ರೆಗೆ ಫೋನು ಮಾಡಿಸಿದರು. ಒಂದು ವಾರ ಮುಂದೂಡಿ ಕೊಟ್ಟರು.