ಕ್ಯಾಮೆರಾ ಡ್ರೋನ್: ಹೊಸಬರ ಅಳುಕು ಮತ್ತು ಅದರ ನಿವಾರಣೆ

ಮದುವೆ ಚಿತ್ರೀಕರಣದ ಮೂಲಕ ನಮ್ಮ ಊರುಗಳಿಗೆ ಪರಿಚಿತವಾದ ಕ್ಯಾಮೆರಾ ಡ್ರೋನ್ ಇಂದು ವ್ಯಾಪಾರ ಮತ್ತು ಕೈಗಾರಿಕೆಗಳ ಅನೇಕ ಕೆಲಸಗಳಿಗೆ ಒದಗುವ ಸಾಧನವಾಗಿದೆ. ಮುಂಗಾರಿಗೆ ಮುನ್ನ ಗೋದಾಮಿನ ಛಾವಣಿಯಲ್ಲಿ ಯಾವ ಶೀಟು ಸಡಿಲಗೊಂಡಿದೆ, ಯಾವ ಮೂಲೆಯಲ್ಲಿ ಕಸ ಕಟ್ಟಿಕೊಂಡಿದೆ ಎಂಬುದನ್ನು ಆಳನ್ನು ಮೇಲೆ ಹತ್ತಿಸದೆಯೇ ನೋಡಬಹುದು. ನಿವೇಶನ, ತೆಂಗಿನ ತೋಟ, ಕಾರ್ಖಾನೆಯ ಆವರಣಗಳ ಚಿತ್ರವನ್ನು ಗಿರಾಕಿಗೆ ಅಥವಾ ಬ್ಯಾಂಕಿಗೆ ತೋರಿಸಬಹುದು. ಕೇಂದ್ರ ಸರ್ಕಾರವು 2020ರ ಏಪ್ರಿಲ್ 24ರಂದು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮಗಳ ವಸತಿ ಪ್ರದೇಶದ ಅಳತೆಗೆ ಡ್ರೋನ್ ಸಮೀಕ್ಷೆಯನ್ನೇ ಅವಲಂಬಿಸಲಾಯಿತು. ಅದರ ಪ್ರಾಯೋಗಿಕ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಆದರೆ ಯಂತ್ರವನ್ನು ಕೊಳ್ಳುವುದು ಬೇರೆ, ಹಾರಿಸುವುದು ಬೇರೆ. ಮೊದಲ ದಿನ ಕೈ ನಡುಗಿ, ಎರಡನೆಯ ದಿನ ತೆಂಗಿನ ಗರಿಗೆ ತಾಗಿ, ಮೂರನೆಯ ದಿನದಿಂದ ಪೆಟ್ಟಿಗೆಯಲ್ಲಿಯೇ ಉಳಿಯುವ ಡ್ರೋನುಗಳು ಉಂಟು. ಪೆಟ್ಟಿಗೆಯಲ್ಲಿ ಮಲಗಿದ ಬಂಡವಾಳಕ್ಕೆ ಬಡ್ಡಿ ಮಾತ್ರ ಎದ್ದು ಓಡಾಡುತ್ತಿರುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಅಳುಕನ್ನು ಅವಮಾನವೆಂದು ಭಾವಿಸಿ, ನಾಲ್ಕು ಜನರೆದುರು ಧೈರ್ಯ ತೋರಿಸಲು ಹೋಗಿ ಅನಾಹುತ ಮಾಡಿಕೊಳ್ಳುವುದು. ಇವೆರಡರ ನಡುವಿನ ಸರಿಯಾದ ದಾರಿಯನ್ನು ಸದಸ್ಯರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಅಳುಕು ಹುಟ್ಟುವುದೆಲ್ಲಿ?

ಹೊಸಬರ ಅಳುಕಿಗೆ ಮುಖ್ಯವಾಗಿ ಮೂರು ಕಾರಣಗಳಿವೆ. ಒಂದು, ಯಂತ್ರವು ತನ್ನಷ್ಟಕ್ಕೆ ತಾನು ಏನು ಮಾಡಬಲ್ಲದು ಎಂಬುದು ತಿಳಿಯದಿರುವುದು. ಎರಡು, ಹಣ ಹೋದೀತೆಂಬ ಚಿಂತೆ. ಮೂರು, ಮತ್ತೊಬ್ಬರಿಗೆ ಪೆಟ್ಟಾದೀತೆಂಬ ಭಯ. ಇವುಗಳಲ್ಲಿ ಮೊದಲನೆಯದನ್ನು ಅಭ್ಯಾಸದಿಂದ ಪೂರ್ತಿಯಾಗಿ ಕಳೆಯಬಹುದು. ಎರಡನೆಯದನ್ನು ವಿಮೆ ಹಾಗೂ ಕ್ರಮಬದ್ಧ ಕಲಿಕೆಯಿಂದ ಕಡಿಮೆ ಮಾಡಬಹುದು. ಮೂರನೆಯದನ್ನು ಮಾತ್ರ ಕಳೆದುಕೊಳ್ಳಬಾರದು, ಜೋಪಾನವಾಗಿ ಉಳಿಸಿಕೊಳ್ಳಬೇಕು.

ಈ ಮೂರಕ್ಕೂ ಅನ್ವಯಿಸುವ ಸೂತ್ರವೊಂದಿದೆ: ತೀರ್ಮಾನಗಳನ್ನು ನೆಲದ ಮೇಲೆಯೇ ಮಾಡಿ ಮುಗಿಸಬೇಕು. ಎಷ್ಟು ಎತ್ತರ, ಎಷ್ಟು ದೂರ, ಯಾವಾಗ ಹಿಂತಿರುಗುವುದು, ಯಾವ ಸಂದರ್ಭದಲ್ಲಿ ಹಾರಿಸದೆಯೇ ಇರುವುದು ಎಂಬ ಪ್ರಶ್ನೆಗಳನ್ನು ಯಂತ್ರ ಆಕಾಶದಲ್ಲಿರುವಾಗ ಕೇಳಿಕೊಂಡರೆ ಎದೆ ಡವಗುಟ್ಟುವುದು ಸಹಜ. ಉತ್ತರಗಳು ಮೊದಲೇ ಸಿದ್ಧವಿದ್ದರೆ ಕೈಗೆ ಹಾರಿಸುವ ಕೆಲಸ ಮಾತ್ರ ಉಳಿಯುತ್ತದೆ.

ಯಂತ್ರದ ಸ್ವಭಾವವನ್ನು ಅರಿಯುವುದು

ಉಪಗ್ರಹ ಸಂಕೇತ ದೊರೆಯುತ್ತಿರುವಾಗ ಇಂದಿನ ಸಾಮಾನ್ಯ ಕ್ಯಾಮೆರಾ ಡ್ರೋನು, ನಿಯಂತ್ರಣ ಕಡ್ಡಿಗಳಿಂದ ಬೆರಳು ತೆಗೆದರೆ, ಇದ್ದಲ್ಲಿಯೇ ನಿಲ್ಲುತ್ತದೆ. ಈ ಒಂದು ಸಂಗತಿ ಮನದಟ್ಟಾದರೆ ಅರ್ಧ ಅಳುಕು ಕಳೆದಂತೆ. ಗಾಬರಿಯಾದವನ ಕೈ ಕಡ್ಡಿಯನ್ನು ಇನ್ನಷ್ಟು ಬಲವಾಗಿ ಒತ್ತುತ್ತದೆ. ಡ್ರೋನ್ ಕೇಳುವುದು ಅದಕ್ಕೆ ವಿರುದ್ಧವಾದುದನ್ನು. ಆದ್ದರಿಂದ "ಗೊಂದಲವಾದರೆ ಬೆರಳು ತೆಗೆ" ಎಂಬುದು ಮೊದಲ ಪಾಠ.

ಎರಡನೆಯದು ದಿಕ್ಕಿನ ಗೊಂದಲ. ಡ್ರೋನಿನ ಬಾಲ ನಮ್ಮ ಕಡೆಗಿದ್ದಾಗ ಎಡ, ಬಲಗಳು ಸರಿಯಾಗಿರುತ್ತವೆ. ಅದರ ಮುಖ ನಮ್ಮತ್ತ ತಿರುಗಿದೊಡನೆ ಎರಡೂ ಅದಲುಬದಲಾಗುತ್ತವೆ. ಎದುರು ನಿಂತವನ ಬಲಗೈ ನಮ್ಮ ಎಡಕ್ಕೆ ಕಾಣುವಂತೆಯೇ ಇದು. ಹೊಸಬರು ಮರಕ್ಕೆ, ಗೋಡೆಗೆ ಡಿಕ್ಕಿ ಹೊಡೆಸುವುದಕ್ಕೆ ಈ ಗೊಂದಲವೇ ಸಾಮಾನ್ಯ ಕಾರಣ.

ಮೂರನೆಯದು 'ರಿಟರ್ನ್ ಟು ಹೋಮ್' ಎಂಬ ಸೌಲಭ್ಯ. ಸಂಪರ್ಕ ಕಡಿದಾಗ ಅಥವಾ ಬ್ಯಾಟರಿ ಇಳಿದಾಗ, ಹಾಗೆ ಹೊಂದಿಸಿದ್ದಲ್ಲಿ, ಡ್ರೋನ್ ತಾನೇ ನಿಗದಿತ ಎತ್ತರಕ್ಕೆ ಏರಿ, ಹೊರಟ ಸ್ಥಳಕ್ಕೆ ಮರಳುತ್ತದೆ. ಹೊಸಬರು ಇದನ್ನು ಪೂರ್ಣ ರಕ್ಷಣೆಯೆಂದು ನಂಬುತ್ತಾರೆ. ಅದರ ಮಿತಿಯನ್ನು ಶ್ರವಣಬೆಳಗೊಳದ ನೆಲವೇ ಚೆನ್ನಾಗಿ ವಿವರಿಸುತ್ತದೆ. ಡ್ರೋನು ಎತ್ತರವನ್ನು ತಾನು ಮೇಲೆದ್ದ ಸ್ಥಳದಿಂದ ಲೆಕ್ಕ ಹಾಕುತ್ತದೆ. ವಿಂಧ್ಯಗಿರಿಯು ಬುಡದಿಂದ ಸುಮಾರು 470 ಅಡಿ ಎತ್ತರವಿದೆ. ಮರಳುವ ಎತ್ತರವನ್ನು ನೂರು ಅಡಿಗೆ ಇಟ್ಟು ಬೆಟ್ಟದ ಒಂದು ಬದಿಯಿಂದ ಹಾರಿಸಿದ ಯಂತ್ರವು ಇನ್ನೊಂದು ಬದಿಯಲ್ಲಿ ಸಂಪರ್ಕ ಕಳೆದುಕೊಂಡರೆ, ಅದು ಮರಳಿ ಬರುವ ನೇರ ದಾರಿಯಲ್ಲಿ ಬಂಡೆಯೇ ಅಡ್ಡ ನಿಂತಿರುತ್ತದೆ. ಬೆಟ್ಟದ ಮರೆಯಲ್ಲಿ ರಿಮೋಟಿನ ಸಂಪರ್ಕ ಕಡಿಯುವ ಸಾಧ್ಯತೆಯೂ ಹೆಚ್ಚು. ಬಯಲಿನಲ್ಲಾದರೂ ಈ ಎತ್ತರವು ಸುತ್ತಲಿನ ಅತಿ ಎತ್ತರದ ತೆಂಗಿನ ಮರ, ಗೋಪುರ, ವಿದ್ಯುತ್ ಕಂಬಗಳಿಗಿಂತ ಸಾಕಷ್ಟು ಮೇಲಿರಬೇಕು. ತೆಳುವಾದ ತಂತಿ ಮತ್ತು ಗರಿಯ ತುದಿಗಳನ್ನು ಯಂತ್ರದ ಸಂವೇದಕಗಳು ಗುರುತಿಸಿಯೇ ತೀರುತ್ತವೆಂಬ ಭರವಸೆಯಿಲ್ಲ.

ಕಾರ್ಖಾನೆಯವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕಬ್ಬಿಣದ ಸರಳು ಹುದುಗಿದ ತಾರಸಿ, ತಗಡಿನ ಛಾವಣಿ, ಲಾರಿಯ ಪಕ್ಕ, ದೊಡ್ಡ ಯಂತ್ರಗಳ ಸಮೀಪ ಡ್ರೋನಿನ ದಿಕ್ಸೂಚಿ ತಪ್ಪು ತೋರಿಸಬಹುದು. ಶೆಡ್ಡಿನ ಚಿತ್ರ ಬೇಕಾದರೂ ಯಂತ್ರವನ್ನು ಆವರಣದ ತೆರೆದ ಮಣ್ಣಿನ ನೆಲದಿಂದಲೇ ಏರಿಸುವುದು ಕ್ಷೇಮ.

ಹಂತ ಹಂತದ ಅಭ್ಯಾಸ

ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕು, ಆದರೆ ಮೊದಲ ದಿನವೇ ಹೇಮಾವತಿಯ ಮಡುವಿಗಲ್ಲ. ಮೊದಲ ಕೆಲವು ಗಂಟೆಗಳನ್ನು ಕಂಪ್ಯೂಟರಿನ ಸಿಮ್ಯುಲೇಟರ್ ಮೇಲೆ ಕಳೆಯುವುದು ಲಾಭಕರ. ಅಲ್ಲಿ ನೂರು ಸಲ ಬಿದ್ದರೂ ರೆಕ್ಕೆ ಮುರಿಯುವುದಿಲ್ಲ.

ಆನಂತರ ಬಯಲು. ರಾಗಿ ಕೊಯ್ಲಾದ ಹೊಲದಲ್ಲಿ, ಗಾಳಿ ಏಳುವ ಮುನ್ನ, ಬೆಳಗಿನ ಹೊತ್ತು ಅಭ್ಯಾಸಕ್ಕೆ ಉತ್ತಮ. ಮೊದಲ ಬ್ಯಾಟರಿ ಮುಗಿಯುವವರೆಗೂ ಒಂದೇ ಕೆಲಸ: ಆಳೆತ್ತರಕ್ಕಿಂತ ತುಸು ಮೇಲೆ ಏರಿಸಿ, ಬೆರಳು ತೆಗೆದು, ಯಂತ್ರ ನಿಲ್ಲುವುದನ್ನು ನೋಡಿ, ಇಳಿಸುವುದು. ಇದನ್ನು ಹತ್ತು ಸಲ ಮಾಡಿದವರ ಕೈ ತಾನಾಗಿಯೇ ಹದಕ್ಕೆ ಬರುತ್ತದೆ.

ಎರಡನೆಯ ದಿನ, ಬಾಲ ತಮ್ಮತ್ತಲೇ ಇರುವಂತೆ ನೆಲದಲ್ಲಿ ಗುರುತಿಟ್ಟ ಚೌಕದ ಮೇಲೆ ನಿಧಾನವಾಗಿ ಸುತ್ತಿಸಬೇಕು. ಮೂರನೆಯ ದಿನ ಮುಖ ತಮ್ಮತ್ತ ತಿರುಗಿಸಿ ಅದೇ ಚೌಕ. ನಾಲ್ಕನೆಯ ದಿನ, ತೆರೆದ ಬಯಲಿನಲ್ಲಿ 'ರಿಟರ್ನ್ ಟು ಹೋಮ್' ಗುಂಡಿಯನ್ನು ಬೇಕೆಂದೇ ಒತ್ತಿ, ಯಂತ್ರ ಹೇಗೆ ಏರುತ್ತದೆ, ಎಲ್ಲಿ ತಿರುಗುತ್ತದೆ, ಎಷ್ಟು ನಿಖರವಾಗಿ ಇಳಿಯುತ್ತದೆ ಎಂದು ನೋಡಬೇಕು. ಅದನ್ನು ರದ್ದುಪಡಿಸುವ ಗುಂಡಿ ಯಾವುದೆಂಬುದೂ ಅಂದೇ ತಿಳಿದಿರಲಿ. ಆಪತ್ಕಾಲದಲ್ಲಿ ಮೊದಲ ಬಾರಿಗೆ ಕಂಡ ಕ್ರಿಯೆ ಗಾಬರಿ ಹುಟ್ಟಿಸುತ್ತದೆ, ಬಿಡುವಿನಲ್ಲಿ ಕಂಡದ್ದು ಧೈರ್ಯ ಕೊಡುತ್ತದೆ. ಈ ನಾಲ್ಕೂ ಪಾಠಗಳು ಮುಗಿಯುವವರೆಗೆ ಚಿತ್ರದ ಗೊಡವೆ ಬೇಡ. ಕಣ್ಣು ಪರದೆಯ ಮೇಲೆ ನೆಟ್ಟಾಗಲೇ ಯಂತ್ರ ದಾರಿ ತಪ್ಪುವುದು.

ಗಾಳಿಯ ವಿಷಯದಲ್ಲಿ ಸರಳ ನಿಯಮವೊಂದಿದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ಗಾಳಿಯೇ ಜೊತೆಗೂಡುತ್ತದೆ. ತದ್ವಿರುದ್ಧವಾಗಿ ಮಾಡಿದರೆ ಬ್ಯಾಟರಿ ದಾರಿಯಲ್ಲಿಯೇ ಬರಿದಾಗಬಹುದು. ಆರಂಭದಲ್ಲಿ ಬ್ಯಾಟರಿ ಶೇಕಡಾ 40ಕ್ಕೆ ಬಂದೊಡನೆ ಹಿಂತಿರುಗುವ ಕಟ್ಟುಪಾಡು ಇರಲಿ. ಆಷಾಢದ ತಿಂಗಳು ಕಲಿಕೆಗೆ ತಕ್ಕದ್ದಲ್ಲ. ಆಗ ಗಾಳಿ ಜೋರು, ಆಕಾಶದಲ್ಲಿ ಮಕ್ಕಳ ಗಾಳಿಪಟದ ದಾರಗಳೂ ಇರುತ್ತವೆ. ಹದ್ದುಗಳು ಸುತ್ತುತ್ತಿದ್ದರೆ ಹಠ ಮಾಡದೆ ಇಳಿಸಿಬಿಡುವುದೇ ಜಾಣತನ.

ನೋಡುವವರ ಗುಂಪು

ಯಂತ್ರಕ್ಕಿಂತ ಹೆಚ್ಚಾಗಿ ಕೈ ನಡುಗಿಸುವುದು ನೋಡುಗರ ಗುಂಪು. ಡ್ರೋನಿನ ಸದ್ದು ಕೇಳಿದರೆ ಸಾಕು, ಹತ್ತಾರು ಜನ ಸೇರುತ್ತಾರೆ. "ಎಷ್ಟು ದೂರ ಹೋಗುತ್ತೆ ಅಣ್ಣ?", "ಬೆಲೆ ಎಷ್ಟು?" ಎಂಬ ಪ್ರಶ್ನೆಗಳು ಆರಂಭವಾಗುತ್ತವೆ. ಇದಕ್ಕೆ ಪರಿಹಾರ ಒಬ್ಬ ಸಹಾಯಕ. ಜನರೊಡನೆ ಮಾತನಾಡುವುದು, ಮಕ್ಕಳನ್ನು ದೂರವಿಡುವುದು, ಆಕಾಶದತ್ತ ಕಣ್ಣಿಡುವುದು ಅವನ ಕೆಲಸ. ಹಾರಿಸುವವರು ಇಳಿಸುವವರೆಗೆ ಯಾರಿಗೂ ಉತ್ತರಿಸಬೇಕಾಗಿಲ್ಲ.

ಸ್ಟುಡಿಯೊ ನಡೆಸುವವರಿಗೆ ಮದುವೆ ಮನೆಯ ಒತ್ತಡ ಬೇರೆ. "ಇನ್ನೂ ಹತ್ತಿರ ತನ್ನಿ, ಧಾರೆಯ ಮೇಲೇ ಬರಲಿ" ಎಂದು ಗಿರಾಕಿ ಒತ್ತಾಯಿಸಿದಾಗ ಇಲ್ಲವೆನ್ನುವುದು ಕಷ್ಟ. ಇಲ್ಲಿಯೂ ತೀರ್ಮಾನ ಮುಂಗಡ ಪಡೆಯುವಾಗಲೇ ಆಗಬೇಕು. ಜನರ ತಲೆಯ ಮೇಲೆ ಹಾರಿಸುವುದಿಲ್ಲ. ಮಳೆ ಅಥವಾ ಜೋರು ಗಾಳಿ ಇದ್ದಲ್ಲಿ ಡ್ರೋನ್ ಚಿತ್ರೀಕರಣ ಇರುವುದಿಲ್ಲ. ಸ್ಥಳದಲ್ಲಿ ಅಂತಿಮ ತೀರ್ಮಾನ ಹಾರಿಸುವವರದು. ಈ ಮೂರು ಷರತ್ತುಗಳನ್ನು ರಸೀದಿಯಲ್ಲಿ ಅಚ್ಚು ಹಾಕಿಸಿದರೆ, ಆಡಲಾಗದ ಮಾತನ್ನು ಕಾಗದವೇ ಆಡುತ್ತದೆ. ವೇಗವಾಗಿ ತಿರುಗುವ ರೆಕ್ಕೆ ಮಗುವಿನ ಮುಖಕ್ಕೆ ತಾಗಿದರೆ ಆಗುವ ನಷ್ಟವನ್ನು ಯಾವ ಬಿಲ್ಲೂ ತುಂಬಲಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಮಾತು ವರ್ತಕರಿಗೆ ಹೊಸದಲ್ಲ.

ಕಾನೂನು ತಿಳಿದರೆ ಅರ್ಧ ನಿಶ್ಚಿಂತೆ

"ಪೊಲೀಸರು ಕೇಳಿದರೆ ಏನು ಹೇಳುವುದು?" ಎಂಬ ಅಳುಕೂ ಹಲವರಲ್ಲಿದೆ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಾವಳಿಯ ಪ್ರಕಾರ 250 ಗ್ರಾಂವರೆಗಿನ ಡ್ರೋನ್ 'ನ್ಯಾನೊ', ಅದಕ್ಕೆ ಮೇಲ್ಪಟ್ಟು 2 ಕಿಲೊವರೆಗಿನದು 'ಮೈಕ್ರೊ'. ನ್ಯಾನೊ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಮೈಕ್ರೊ ಡ್ರೋನನ್ನು ಸ್ವಂತ ಹವ್ಯಾಸಕ್ಕೆ ಹಾರಿಸಲೂ ಬೇಕಿಲ್ಲ, ಆದರೆ ಸಂಪಾದನೆಗಾಗಿ ಬಳಸುವುದಾದರೆ ಬೇಕು. ಈ ಪ್ರಮಾಣಪತ್ರಕ್ಕೆ ಹತ್ತನೆಯ ತರಗತಿ ಉತ್ತೀರ್ಣರಾಗಿದ್ದು, 18ರಿಂದ 65 ವರ್ಷದೊಳಗಿನವರು ಮಾನ್ಯತೆ ಪಡೆದ ತರಬೇತಿ ಸಂಸ್ಥೆಯಲ್ಲಿ ಕಲಿತು ಉತ್ತೀರ್ಣರಾಗಬೇಕು. ಅದರ ಅವಧಿ 10 ವರ್ಷ. ನ್ಯಾನೊ ಹೊರತು ಉಳಿದ ಡ್ರೋನುಗಳಿಗೆ ಮೂರನೆಯ ವ್ಯಕ್ತಿಯ ನಷ್ಟಕ್ಕೆ ವಿಮೆ ಕಡ್ಡಾಯ. ತಜ್ಞರ ಕಣ್ಣೆದುರು ಕಲಿಯುವ ಕಾರಣ ಈ ತರಬೇತಿಯೇ ಅಳುಕಿಗೆ ಒಳ್ಳೆಯ ಮದ್ದು.

ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಲಾಗಿದೆ. ಹಸಿರು ವಲಯದಲ್ಲಿ ಸಾಮಾನ್ಯವಾಗಿ 400 ಅಡಿಯವರೆಗೆ ಅನುಮತಿ ಬೇಕಿಲ್ಲ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ, ಕೆಂಪಿನಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಹಾಸನದಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿರುವುದರಿಂದಲೂ, ವಲಯಗಳು ಬದಲಾಗುತ್ತಿರುವುದರಿಂದಲೂ, ನಮ್ಮ ಸದಸ್ಯರು ಪ್ರತಿ ಸಲವೂ ಹೊರಡುವ ಮುನ್ನ ನಕ್ಷೆ ನೋಡುವುದು ಅಗತ್ಯ. ಕೊಳ್ಳುವವರು ಗಮನಿಸಬೇಕಾದದ್ದು: ವಿದೇಶಿ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳನ್ನು ಬಿಟ್ಟು 2022ರ ಫೆಬ್ರವರಿ 9ರಂದು ನಿಷೇಧಿಸಲಾಯಿತು. ಬಿಲ್ಲಿಲ್ಲದ ಅಗ್ಗದ ಯಂತ್ರ ಕೊಂಡವನಿಗೆ ಹಾರಿಸುವಾಗಲೆಲ್ಲ ಅಳುಕು ತಪ್ಪಿದ್ದಲ್ಲ.

ಗೊಮ್ಮಟೇಶ್ವರ ಮೂರ್ತಿಯು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಣೆಯಲ್ಲಿದೆ. ಪೂರ್ವಾನುಮತಿ ಪಡೆಯದೆ ಅಲ್ಲಿ ಡ್ರೋನ್ ಚಿತ್ರೀಕರಣಕ್ಕೆ ಕೈ ಹಾಕಬಾರದು. ಅನುಮತಿ ದೊರೆತರೂ ಅದು ಕಲಿಯುವವರ ಸ್ಥಳವಲ್ಲ. ಸಾವಿರ ವರ್ಷಗಳಿಗೂ ಮೀರಿ ನಿಂತಿರುವ ಶಿಲ್ಪದ ಬಳಿ, ಯಾತ್ರಿಕರು ಏರಿ ಇಳಿಯುವ ಮೆಟ್ಟಿಲುಗಳ ಮೇಲೆ, ತಪ್ಪಿಗೆ ಅವಕಾಶವಿಲ್ಲ.

ಮುಂದಿನ ದಿನಗಳಿಗಾಗಿ

1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರ್‌ನಿಂದ ಪುಷ್ಪವೃಷ್ಟಿ ಮಾಡಿದ್ದರು. ಬೆಳಗೊಳವನ್ನು ಆಕಾಶದಿಂದ ಕಾಣುವುದು ಅಂದು ಅಪರೂಪದ ಸಂಗತಿ. ಇಂದು ಆ ನೋಟ ಸಣ್ಣ ಸ್ಟುಡಿಯೊದ ಕೈಗೂ ಎಟಕುವಂತಿದೆ. 2006 ಮತ್ತು 2018ರ ಉತ್ಸವಗಳ ನಂತರ, ಹನ್ನೆರಡು ವರ್ಷದ ಲೆಕ್ಕದಂತೆ ಮುಂದಿನದು 2030ರಲ್ಲಿ ಬರಬೇಕು. ಅಂತಹ ಸಂದರ್ಭಗಳಲ್ಲಿ ಕೆಲಸವನ್ನು ನಂಬಿ ಒಪ್ಪಿಸುವುದು ಪ್ರಮಾಣಪತ್ರ, ವಿಮೆ ಹಾಗೂ ಅಪಘಾತವಿಲ್ಲದ ಅನುಭವ ಉಳ್ಳವರಿಗೆ. ಆ ಅನುಭವವನ್ನು ಉತ್ಸವದ ಹಿಂದಿನ ವಾರ ಸಂಪಾದಿಸಲಾಗದು.

ಆದುದರಿಂದ ಡ್ರೋನ್ ಕೊಂಡಿರುವ, ಕೊಳ್ಳಬಯಸುವ ಸದಸ್ಯರು ಹಾರಾಟದ ಪುಸ್ತಕವೊಂದನ್ನು ಇಡುವುದು ಒಳ್ಳೆಯದು. ದಿನಾಂಕ, ಸ್ಥಳ, ಗಾಳಿ, ಬ್ಯಾಟರಿ, ಎತ್ತರ, ಕಂಡ ದೋಷ ಇವಿಷ್ಟನ್ನು ಪ್ರತಿ ಸಲವೂ ಬರೆಯಬೇಕು. ಅಂಗಡಿಯ ರೋಜುಪಟ್ಟಿ ವ್ಯಾಪಾರಿಗೆ ಕೊಡುವ ನೆಮ್ಮದಿಯನ್ನೇ ಈ ಪುಸ್ತಕ ಹಾರಿಸುವವರಿಗೆ ಕೊಡುತ್ತದೆ. ಇಪ್ಪತ್ತು ಮೂವತ್ತು ಹಾರಾಟಗಳ ಲೆಕ್ಕ ಅದರಲ್ಲಿ ಕೂಡಿಬರುವ ಹೊತ್ತಿಗೆ ಕೈಯ ನಡುಕ ನಿಂತಿರುತ್ತದೆ. ಏರಿಸುವ ಮುನ್ನ ಒಮ್ಮೆ ಸುತ್ತ ನೋಡಿ, ಹತ್ತಿರ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳುವ ಎಚ್ಚರ ಮಾತ್ರ ಕೊನೆಯವರೆಗೂ ಉಳಿಯಲಿ.