ಹತ್ತು ಜನರ ನಡುವೆ ಚದುರುವ ಹೊಣೆ

ಕಷ್ಟಕ್ಕೆ ಸಿಲುಕಿದವರ ಸುತ್ತ ಜನ ಹೆಚ್ಚಿದ್ದಷ್ಟೂ ನೆರವು ಬೇಗ ಒದಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂಬ ಗಾದೆಯಾದರೋ ಇದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ: ಹೊಡೆಯಬಲ್ಲವರು ಹಲವರಿದ್ದಾಗ ಮೊದಲ ಏಟು ಯಾರದೆಂಬುದು ತೀರ್ಮಾನವಾಗುವಷ್ಟರಲ್ಲಿ ಹಾವು ಪೊದೆ ಸೇರಿರುತ್ತದೆ. ಇತರರ ಇರವು ವ್ಯಕ್ತಿಯ ಆಲೋಚನೆ, ಭಾವನೆ ಮತ್ತು ನಡವಳಿಕೆಗಳನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಅಭ್ಯಸಿಸುವ ಸಮಾಜ ಮನೋವಿಜ್ಞಾನವು 1960ರ ದಶಕದ ಕೊನೆಯಲ್ಲಿ ಈ ವಿಷಯವನ್ನು ಪ್ರಯೋಗಕ್ಕೆ ಒಡ್ಡಿತು. ಸುತ್ತ ಜನರಿದ್ದಾಗ ಪ್ರತಿಯೊಬ್ಬ ವ್ಯಕ್ತಿಯೂ ನೆರವಿಗೆ ಮುಂದಾಗುವ ಸಂಭವ ಕುಗ್ಗುವ ಈ ವಿದ್ಯಮಾನಕ್ಕೆ ಪ್ರೇಕ್ಷಕ ಪರಿಣಾಮ ಎಂಬ ಹೆಸರಿದೆ.

ಈ ಅಧ್ಯಯನಕ್ಕೆ ಪ್ರೇರಣೆಯಾದುದು 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ನಡೆದ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆ. ನೆರೆಹೊರೆಯ 38 ಮಂದಿ ಅರ್ಧ ಗಂಟೆಗೂ ಹೆಚ್ಚು ಕಾಲ ಹಲ್ಲೆಯನ್ನು ನೋಡುತ್ತಿದ್ದರೂ ಒಬ್ಬರೂ ಪೊಲೀಸರಿಗೆ ತಿಳಿಸಲಿಲ್ಲವೆಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಎರಡು ವಾರಗಳ ಬಳಿಕ ಬರೆಯಿತು. ನಗರಜೀವನವು ಮನುಷ್ಯರನ್ನು ಕಲ್ಲಾಗಿಸಿದೆ ಎಂಬ ಟೀಕೆಗಳು ಎಲ್ಲೆಡೆ ಕೇಳಿಬಂದವು. ಜಾನ್ ಡಾರ್ಲಿ ಮತ್ತು ಬಿಬ್ ಲಾಟನೆ ಎಂಬ ಇಬ್ಬರು ಮನೋವಿಜ್ಞಾನಿಗಳು ಮಾತ್ರ, ದೋಷವನ್ನು ಜನರ ಹೃದಯದಲ್ಲಿ ಹುಡುಕುವುದಕ್ಕಿಂತ ಅವರು ನಿಂತಿದ್ದ ಸನ್ನಿವೇಶದಲ್ಲಿ ಹುಡುಕುವುದು ಸೂಕ್ತವೆಂದು ಭಾವಿಸಿದರು.

ಅವರು 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಪ್ರತ್ಯೇಕ ಕೋಣೆಗಳಲ್ಲಿ ಕುಳಿತು, ಕಾಲೇಜು ಜೀವನದ ತೊಂದರೆಗಳ ಬಗ್ಗೆ ಧ್ವನಿಯಂತ್ರದ ಮೂಲಕ ಮಾತನಾಡಬೇಕಿತ್ತು. ಕೇಳಿಬರುತ್ತಿದ್ದ ಇತರರ ದನಿಗಳೆಲ್ಲ ಮೊದಲೇ ಮುದ್ರಿಸಿಕೊಂಡವುಗಳಾಗಿದ್ದು, ಅವುಗಳಲ್ಲೊಂದು ದನಿ ನಡುವೆ ತೊದಲಿ, ಮೂರ್ಛೆರೋಗ ಬಂದಿದೆಯೆಂದು ನೆರವಿಗಾಗಿ ಮೊರೆಯಿಡುತ್ತಿತ್ತು. ಆ ಮೊರೆಯನ್ನು ಕೇಳುತ್ತಿರುವುದು ತಾವೊಬ್ಬರೇ ಎಂದು ತಿಳಿದಿದ್ದವರಲ್ಲಿ ಶೇ. 85ರಷ್ಟು ಮಂದಿ ದನಿ ನಿಲ್ಲುವುದರೊಳಗೆ ಎದ್ದು ಹೊರಟರು. ಇನ್ನೊಬ್ಬರೂ ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಶೇ. 62, ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಶೇ. 31 ಮಂದಿಯಷ್ಟೇ ಹಾಗೆ ಮಾಡಿದರು. ಒಬ್ಬರ ಮೇಲೆ ಇಡಿಯಾಗಿ ಬೀಳಬೇಕಾದ ಭಾರವು ಹಲವರ ನಡುವೆ ಪಾಲಾಗಿ ಹಗುರವೆನಿಸುವ ಇದನ್ನು ಸಂಶೋಧಕರು ಹೊಣೆಯ ಚದುರುವಿಕೆ ಎಂದು ಕರೆದರು.

ಏಳದೆ ಕುಳಿತವರು ನಿರ್ದಯಿಗಳಾಗಿದ್ದರೇ ಎಂಬ ಪ್ರಶ್ನೆಗೆ ಪ್ರಯೋಗದಲ್ಲಿಯೇ ಉತ್ತರವಿತ್ತು. ಕೋಣೆಗೆ ಬಂದ ಪ್ರಯೋಗಕರ್ತರನ್ನು ಅವರಲ್ಲಿ ಅನೇಕರು, ಆ ವ್ಯಕ್ತಿ ಕ್ಷೇಮವೇ ಎಂದು ವಿಚಾರಿಸಿದರು. ಅವರ ಕೈಗಳು ನಡುಗುತ್ತಿದ್ದವು, ಅಂಗೈಗಳು ಬೆವರಿದ್ದವು. ನೆರವಿಗೆ ಹೋದವರಿಗಿಂತ ಹೆಚ್ಚು ತಳಮಳಗೊಂಡಂತೆ ಕಾಣುತ್ತಿದ್ದ ಅವರು ಸುಮ್ಮನಿರಲು ನಿರ್ಧರಿಸಿದವರಲ್ಲ, ಹೋಗಬೇಕೋ ಬೇಡವೋ ಎಂಬ ತೂಗುಯ್ಯಾಲೆಯಿಂದ ಇಳಿಯಲಾಗದೆ ಉಳಿದವರು.

ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಪ್ರಶ್ನಾವಳಿ ತುಂಬುತ್ತಿದ್ದವರ ಕೋಣೆಗೆ ಗೋಡೆಯ ಕಿಂಡಿಯಿಂದ ಹೊಗೆ ಬಿಡಲಾಯಿತು. ಒಂಟಿಯಾಗಿದ್ದವರಲ್ಲಿ ಶೇ. 75ರಷ್ಟು ಮಂದಿ ಹೊರಬಂದು ವಿಷಯ ತಿಳಿಸಿದರೆ, ಏನೂ ಆಗಿಲ್ಲವೆಂಬಂತೆ ವರ್ತಿಸಲು ಮೊದಲೇ ಹೇಳಿಕೊಟ್ಟಿದ್ದ ಇಬ್ಬರ ಜೊತೆಗಿದ್ದವರಲ್ಲಿ ಶೇ. 10 ಮಾತ್ರ ತಿಳಿಸಿದರು; ಉಳಿದವರು ಕೆಮ್ಮುತ್ತ, ಕಣ್ಣುಜ್ಜಿಕೊಳ್ಳುತ್ತ ಬರೆಯುವುದನ್ನು ಮುಂದುವರಿಸಿದರು. ಇಲ್ಲಿ ಅಡ್ಡಬಂದುದು ಹೊಣೆಯ ಪ್ರಶ್ನೆಗಿಂತಲೂ ಸನ್ನಿವೇಶದ ಅರ್ಥ. ಗೊಂದಲದ ಕ್ಷಣದಲ್ಲಿ ಪ್ರತಿಯೊಬ್ಬರೂ ತಮ್ಮ ಕಳವಳವನ್ನು ಮರೆಮಾಚಿ ಇತರರ ಮುಖವನ್ನು ನೋಡುತ್ತಾರೆ. ಆ ಮುಖಗಳೂ ಅದೇ ರೀತಿಯಲ್ಲಿ ಶಾಂತವಾಗಿ ಕಾಣುವುದರಿಂದ ಅಪಾಯವಿಲ್ಲವೆಂದು ಎಲ್ಲರೂ ತಪ್ಪಾಗಿ ತಿಳಿಯುತ್ತಾರೆ. ಈ ಸಾಮೂಹಿಕ ತಪ್ಪರಿವು ಎಷ್ಟು ಬಲವಾದುದೆಂಬುದಕ್ಕೆ ಸರಳವಾದ ಲೆಕ್ಕವೊಂದಿದೆ. ಮೂವರು ಒಬ್ಬರ ಪ್ರಭಾವಕ್ಕೊಬ್ಬರು ಒಳಗಾಗದಿದ್ದರೆ, ಅವರಲ್ಲಿ ಒಬ್ಬರಾದರೂ ಹೊಗೆಯ ವಿಷಯ ತಿಳಿಸುವ ಸಂಭವ ಶೇ. 98 ಇರಬೇಕಿತ್ತು; ಆದರೆ ಮೂವರು ಅಪರಿಚಿತರನ್ನು ನಿಜವಾಗಿಯೂ ಒಟ್ಟಿಗೆ ಕೂರಿಸಿದಾಗ ಶೇ. 38ರಷ್ಟು ಗುಂಪುಗಳಲ್ಲಿ ಮಾತ್ರ ಯಾರಾದರೂ ಎದ್ದರು.

ಕಾಲಾಂತರದಲ್ಲಿ, ಈ ಸಂಶೋಧನೆಗೆ ಮೂಲವಾದ ವರದಿಯೇ ಅಲುಗಾಡಿತು. ಹಲ್ಲೆಯನ್ನು ಕಣ್ಣಾರೆ ಕಂಡವರು ಕೆಲವೇ ಮಂದಿ, ಎರಡನೆಯ ಹಲ್ಲೆ ನಡೆದುದು ಕಟ್ಟಡದ ಒಳಗೆ, ನೆರೆಯ ಮಹಿಳೆಯೊಬ್ಬರು ಓಡಿಬಂದು ಸಾಯುತ್ತಿದ್ದ ಯುವತಿಯನ್ನು ತೋಳಲ್ಲಿ ಹಿಡಿದಿದ್ದರು ಎಂಬ ಸಂಗತಿಗಳು ಬೆಳಕಿಗೆ ಬಂದವು. 38 ಮೂಕಪ್ರೇಕ್ಷಕರ ಚಿತ್ರಣಕ್ಕೆ ಆಧಾರವಿಲ್ಲವೆಂದು 2007ರಲ್ಲಿ ಮೂವರು ಬ್ರಿಟಿಷ್ ವಿದ್ವಾಂಸರು ತೋರಿಸಿದರು. ಕಥೆ ಕುಸಿದರೂ ಪ್ರಯೋಗಗಳು ನಿಂತವು, ಏಕೆಂದರೆ ಅವು ಆ ಕಥೆಯ ಸತ್ಯವನ್ನು ಆಧರಿಸಿರಲಿಲ್ಲ. ಆದರೂ ಅವುಗಳ ವ್ಯಾಪ್ತಿಯನ್ನು ಅರಿಯುವುದು ಅಗತ್ಯ. ಆಮ್‌ಸ್ಟರ್‌ಡ್ಯಾಂ, ಲ್ಯಾಂಕಾಸ್ಟರ್ ಮತ್ತು ಕೇಪ್‌ಟೌನ್ ನಗರಗಳ ಸಿಸಿಟಿವಿಗಳಲ್ಲಿ ದಾಖಲಾದ 219 ಬೀದಿಜಗಳಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದರಲ್ಲಿ, ಹತ್ತರಲ್ಲಿ ಒಂಬತ್ತು ಪ್ರಸಂಗಗಳಲ್ಲಿ ಒಬ್ಬರಾದರೂ ಮಧ್ಯೆ ಪ್ರವೇಶಿಸಿದ್ದರು. ಅಪಾಯವು ನಿಚ್ಚಳವಾಗಿ ಕಂಡಾಗ ತಪ್ಪರಿವಿಗೆ ಎಡೆಯಿರುವುದಿಲ್ಲ. ಒಬ್ಬೊಬ್ಬರ ಒಲವು ಕುಗ್ಗಿದರೂ ಹಲವರಿರುವುದರಿಂದ ಯಾರಾದರೊಬ್ಬರು ಮುಂದೆ ಬರುತ್ತಾರೆ. ಪ್ರೇಕ್ಷಕ ಪರಿಣಾಮವು ತೀವ್ರವಾಗಿರುವುದು ಏನಾಗುತ್ತಿದೆಯೆಂಬುದು ಅಸ್ಪಷ್ಟವಾಗಿರುವೆಡೆಯಲ್ಲಿ: ಕಾಲುದಾರಿಯಲ್ಲಿ ಮಲಗಿದವನು ಕುಡಿದಿದ್ದಾನೋ ಪ್ರಜ್ಞೆ ತಪ್ಪಿದ್ದಾನೋ ಎಂಬಂಥ ಅನುಮಾನದಲ್ಲಿ.

ಭಾರತದ ರಸ್ತೆ ಅಪಘಾತಗಳಲ್ಲಿ ಇದಕ್ಕೆ ಪೊಲೀಸ್ ಠಾಣೆ ಮತ್ತು ನ್ಯಾಯಾಲಯಗಳ ಅಲೆದಾಟದ ಭಯವೂ ಸೇರುತ್ತದೆ. ಗಾಯಾಳುಗಳಿಗೆ ನೆರವಾದವರನ್ನು ಇಂಥ ಕಿರುಕುಳದಿಂದ ರಕ್ಷಿಸಲು ಕರ್ನಾಟಕವು ಪ್ರತ್ಯೇಕ ಕಾನೂನನ್ನೇ ರೂಪಿಸಿತು; 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯೂ ಅವರಿಗೆ ರಕ್ಷಣೆ ನೀಡಿದೆ. ಕಾನೂನು ಭಯವನ್ನು ತಗ್ಗಿಸಬಲ್ಲದಾದರೂ, ಗುಂಪಿನೊಳಗಿನ ಹಿಂಜರಿಕೆಯನ್ನು ಮುರಿಯಲು ಬೇರೆಯದೇ ಉಪಾಯ ಬೇಕು. ನೆರವು ಬೇಕಾದವರು ಯಾರಾದರೂ ಬನ್ನಿ ಎಂದು ಕೂಗುವ ಬದಲು, ಕೆಂಪು ಅಂಗಿಯವರೇ, 108ಕ್ಕೆ ಕರೆ ಮಾಡಿ ಎಂದು ಒಬ್ಬರನ್ನು ಗುರುತಿಸಿ ಹೇಳಿದರೆ ಎರಡೂ ತೊಡಕುಗಳು ಒಟ್ಟಿಗೆ ಬಿಡುತ್ತವೆ, ಏಕೆಂದರೆ ಆ ಒಂದು ಮಾತು ಇದು ಆಪತ್ತೆಂಬುದನ್ನು ಸ್ಪಷ್ಟಪಡಿಸುವುದಲ್ಲದೆ ಚದುರಿದ ಹೊಣೆಯನ್ನು ಒಬ್ಬರ ಹೆಗಲಿಗೆ ಮರಳಿಸುತ್ತದೆ. ನೋಡುತ್ತ ನಿಂತವರ ಪಾಲಿಗೆ ಈ ವಿಷಯದ ಅರಿವೇ ಒಂದು ಮದ್ದು: ಪ್ರೇಕ್ಷಕ ಪರಿಣಾಮದ ಬಗ್ಗೆ ಉಪನ್ಯಾಸ ಕೇಳಿದ ವಿದ್ಯಾರ್ಥಿಗಳು, ಕೇಳದಿದ್ದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಅಪರಿಚಿತರ ನೆರವಿಗೆ ಮುಂದಾದರೆಂದು 1978ರಲ್ಲಿ ಆರ್ಥರ್ ಬೀಮನ್ ಮತ್ತು ಸಂಗಡಿಗರು ವರದಿ ಮಾಡಿದರು. ಹತ್ತು ಜನರ ನಡುವೆ ಹಾವು ಏಕೆ ಸಾಯದೆಂಬುದನ್ನು ತಿಳಿದವರು, ಉಳಿದ ಒಂಬತ್ತು ಮುಖಗಳನ್ನು ನೋಡುತ್ತ ನಿಲ್ಲುವುದು ಕಡಿಮೆ.